ಮತಮತಗಳ ಮೈತ್ರಿ: ನಮ್ಮ ಸೀಮೆಯ ಮೂರು ಕರಾರುಗಳು

೧

ನಮ್ಮ ಸೀಮೆಯಲ್ಲಿ ಯಾವ ಸಭೆ ನಡೆದರೂ ಭಾಷಣಕಾರರ ಬಾಯಿಂದ ತಪ್ಪದೆ ಬರುವ ಮಾತೊಂದುಂಟು: "ಇದು ಸರ್ವಮತಗಳ ಸಂಗಮಭೂಮಿ." ಸಭಿಕರು ಚಪ್ಪಾಳೆ ತಟ್ಟುತ್ತಾರೆ, ವಂದನಾರ್ಪಣೆಯಾಗುತ್ತದೆ, ಎಲ್ಲರೂ ಮನೆಗೆ ತೆರಳುತ್ತಾರೆ. ಆ ಮಾತು ಸುಳ್ಳೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಆದರೆ ನಿಜವಾದ ಮಾತನ್ನು ಕೂಡ ವಿಚಾರಿಸದೆ ಪದೇ ಪದೇ ಆಡುತ್ತಿದ್ದರೆ ಅದು ಕೈಯಿಂದ ಕೈಗೆ ದಾಟಿ ಸವೆದ ನಾಣ್ಯದಂತಾಗಿ, ಮೇಲಿನ ಅಕ್ಷರ ಯಾರಿಗೂ ಕಾಣದೆ ಹೋಗುತ್ತದೆ. ಬೇರೆ ಬೇರೆ ಮತಗಳ ಜನ ಇಲ್ಲಿ ಹೇಗೆ ಒಟ್ಟಿಗೆ ಬಾಳಿದರು? ಆ ಬಾಳ್ವೆಯನ್ನು ಯಾವುದು ಕಾಪಾಡಿತು? ಅದು ತಪ್ಪಿದಾಗ ಏಕೆ ತಪ್ಪಿತು? ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡು, ಕೈಗೆ ಸಿಕ್ಕುವ ಆಧಾರಗಳ ಮೇಲೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯ ಭೈರರಸನು ೧೪೩೨ರ ಫೆಬ್ರವರಿ ೧೩ರಂದು ನಿಲ್ಲಿಸಿದ ಬಾಹುಬಲಿಯ ವಿಗ್ರಹವಿದೆ. ಅದರ ಎತ್ತರ ಸುಮಾರು ೪೨ ಅಡಿ. ಸಮೀಪದಲ್ಲೇ ಇಮ್ಮಡಿ ಭೈರರಸನು ೧೫೮೬ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಕಡೆಯಿಂದ ಬಂದವನಿಗೂ ಒಂದೇ ಬಗೆಯ ಮುಖ. ಅದೇ ಊರಿನಲ್ಲಿ ಅನಂತಶಯನ ದೇವಾಲಯವೂ ವೆಂಕಟರಮಣ ದೇವಾಲಯವೂ ಇವೆ. ಅನಂತಶಯನ ದೇವಾಲಯದ ವಿಷಯವಾಗಿ ಊರಿನಲ್ಲಿ ಒಂದು ಪ್ರತೀತಿಯಿದೆ. ಶೃಂಗೇರಿಯ ಗುರುಗಳು ಕಾರ್ಕಳಕ್ಕೆ ಬಂದಾಗ, ಬಸದಿಗೆಂದು ಕಟ್ಟುತ್ತಿದ್ದ ಕಟ್ಟಡವನ್ನು ಜೈನನಾದ ಅರಸನು ವಿಷ್ಣುವಿನ ಪೂಜೆಗೆ ಬಿಟ್ಟುಕೊಟ್ಟು, ತನ್ನ ಬಸದಿಯನ್ನು ಬೇರೆ ಕಡೆ ಕಟ್ಟಿಸಿದನಂತೆ. ಕಥೆ ಹೇಗೇ ಇರಲಿ, ಜೈನ ಅರಸನ ಊರಿನವರು ತಮ್ಮ ದೊರೆಯನ್ನು ಹೀಗೆ ನೆನೆಯಲು ಬಯಸಿದರೆಂಬುದೇ ಗಮನಿಸತಕ್ಕ ಸಂಗತಿ.

ಕಾರ್ಕಳದಿಂದ ಅತ್ತೂರು ದೂರವಲ್ಲ. ಅಲ್ಲಿಯ ಸಂತ ಲಾರೆನ್ಸರ ಇಗರ್ಜಿಗೆ ೨೦೧೬ರಲ್ಲಿ ಬಸಿಲಿಕದ ಪದವಿ ದೊರೆಯಿತು. ಜನವರಿಯ ಜಾತ್ರೆಯ ದಿನಗಳಲ್ಲಿ ಮೇಣದ ಬತ್ತಿ ಹಿಡಿದು ನಿಂತವರ ಸಾಲಿನಲ್ಲಿ ಕ್ರೈಸ್ತರು ಯಾರು, ಅಲ್ಲದವರು ಯಾರು ಎಂದು ಹೇಳುವುದು ಕಷ್ಟ. ಇಗರ್ಜಿಯ ಕೊಳವನ್ನು ಜನ ಕರೆಯುವುದು ಪುಷ್ಕರಿಣಿ ಎಂದೇ. ಮಣಿಪಾಲದ ಗುಡ್ಡವಿಳಿದು ಉಡುಪಿಗೆ ಬಂದರೆ ಕೃಷ್ಣಮಠ, ಜಾಮಿಯ ಮಸೀದಿ, ಶೋಕಮಾತೆಯ ಇಗರ್ಜಿ, ಎಲ್ಲವೂ ಒಂದೇ ಪೇಟೆಯ ಸುತ್ತಿನಲ್ಲಿವೆ. ಕಡಲ ಕರೆಯ ಮೊಗವೀರರು ನಂಬುವ ಬೊಬ್ಬರ್ಯ ದೈವದ ಪಾಡ್ದನವು ಆತನ ತಂದೆ ಬ್ಯಾರಿ ವ್ಯಾಪಾರಿಯೆಂದು ಹೇಳುತ್ತದೆ. ಕಾಪುವಿಗೆ ತೆಂಕಣ ಮುಲ್ಕಿಯಲ್ಲಿ ಬಪ್ಪನಾಡಿನ ದುರ್ಗಾಪರಮೇಶ್ವರಿಯ ಗುಡಿಯನ್ನು ಕಟ್ಟಿಸಿದವನು ಬಪ್ಪ ಬ್ಯಾರಿಯೆಂಬ ಮುಸಲ್ಮಾನ ವರ್ತಕನೆಂಬ ಐತಿಹ್ಯವಿದೆ. ಊರಿನ ಹೆಸರೇ ಅವನದು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವೂ ಆ ಭಾಷಣಕಾರರ ಸಾಲಿಗೆ ಸೇರುತ್ತೇವೆ. ಮೇಲೆ ಹೇಳಿದುದೆಲ್ಲ ಬಳಕೆ. ಬಳಕೆ ಸವಿಯಾದುದು, ಆದರೆ ಅದಕ್ಕೆ ಕಾವಲಿಲ್ಲ. ತಾತನ ಕಾಲದಿಂದ ನೆರೆಯವನ ಅಂಗಳದಲ್ಲಿ ನಡೆದು ಹೋಗುತ್ತಿದ್ದ ಕಾಲುದಾರಿ ಒಂದು ದಿನ ಬೇಲಿ ಬಿದ್ದರೆ ಮುಚ್ಚಿಹೋಗುತ್ತದೆ. ನಮ್ಮ ಹಿರಿಯರಿಗೆ ಈ ಸಂಗತಿ ಗೊತ್ತಿತ್ತು. ಆದುದರಿಂದಲೇ ಅವರು ಕೆಲವೆಡೆ ಬಳಕೆಯನ್ನು ನೆಚ್ಚಿ ಕೂರದೆ ಕರಾರು ಬರೆದಿಟ್ಟರು. ಅಂಥ ಮೂರು ಬರಹಗಳನ್ನು ವಿದ್ಯಾರ್ಥಿಮಿತ್ರರ ಮುಂದಿಡುತ್ತೇನೆ. ಮೊದಲನೆಯದು ಘಟ್ಟದ ಮೇಲಿನದು. ಉಳಿದ ಎರಡು ನಮ್ಮವೇ.

೨

ಕ್ರಿ.ಶ. ೧೩೬೮. ವಿಜಯನಗರದ ಬುಕ್ಕರಾಯನು ಆಳುತ್ತಿದ್ದ ಕಾಲ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ತಮಗೆ ಅನ್ಯಾಯವಾಗಿದೆಯೆಂದು ದೊರೆಗೆ ಬಿನ್ನೈಸಿಕೊಂಡರು. ಬುಕ್ಕರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಕರೆಸಿ ಕೂಡಿಸಿದನು. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದನು. ಇದನ್ನು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ.

ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೈಗೆ ಕೈಯಿಟ್ಟ ಈ ಚಿತ್ರದಲ್ಲಿಯೇ ನಿಲ್ಲುತ್ತವೆ. ಶಾಸನವಾದರೋ ಅಲ್ಲಿ ನಿಲ್ಲುವುದಿಲ್ಲ. ಅದರ ಸ್ವಾರಸ್ಯವಿರುವುದು ಮುಂದಿನ ಸಾಲುಗಳಲ್ಲಿ. ಮೊದಲಾಗಿ ಅದು ಜಗಳದ ವಸ್ತುವನ್ನು ಹೆಸರಿಸುತ್ತದೆ: ಪಂಚಮಹಾವಾದ್ಯ ಮತ್ತು ಕಲಶ. ಇವು ಹಿಂದಿನಂತೆ ಜೈನರಿಗೂ ಸಲ್ಲತಕ್ಕವೆಂದು ವಿಧಿಸುತ್ತದೆ. ಆರೂವರೆ ಶತಮಾನಗಳ ಹಿಂದೆಯೂ ಜಗಳ ಹುಟ್ಟಿದ್ದು ವಾದ್ಯದ ಮೇಲೆ! ಎರಡನೆಯದಾಗಿ, ಜೈನದರ್ಶನಕ್ಕೆ ಬಂದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಎಣಿಸಬೇಕೆಂದು ಹೇಳುತ್ತದೆ. ಮೂರನೆಯದಾಗಿ ಲೆಕ್ಕ. ನಾಡಿನ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ದುಡ್ಡಿನಿಂದ ಬೆಳಗೊಳದ ದೇವರ ಮೈಗಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿದು ಸರಿಪಡಿಸಬೇಕು. ಇದನ್ನು ನಡೆಸುವ ಹೊಣೆ ಯಾರದು? ತಿರುಮಲೆಯ ತಾತಯ್ಯನೆಂಬ ವೈಷ್ಣವನದು. ಜಗಳವಾಡಿದ ಪಕ್ಷದವನ ಕೈಗೇ ಕಾವಲಿನ ಹೊಣೆ! ಕಡೆಯದಾಗಿ, ಈ ಶಾಸನವನ್ನು ಬಸದಿಗಳಲ್ಲೆಲ್ಲ ನೆಡಿಸಬೇಕೆಂಬ ಆಜ್ಞೆ. ಒಪ್ಪಂದವು ಅರಮನೆಯ ಕಡತದಲ್ಲಿ ಉಳಿಯಲಿಲ್ಲ. ದಾರಿಯಲ್ಲಿ ಹೋಗುವವನು ಓದುವಂತೆ ಕಲ್ಲಾಗಿ ನಿಂತಿತು.

ಎರಡನೆಯ ಬರಹ ನಮ್ಮ ಕಾಪುವಿನದು. ದೀಪಸ್ತಂಭಕ್ಕೂ ಮಾರಿಗುಡಿಗಳಿಗೂ ಹೆಸರಾದ ಈ ಊರು ಒಂದು ಕಾಲದಲ್ಲಿ ಜೈನ ಹೆಗ್ಗಡೆಗಳ ಆಳ್ವಿಕೆಗೆ ಸೇರಿತ್ತು. ಕ್ರಿ.ಶ. ೧೫೫೬ರ ಸುಮಾರಿನಲ್ಲಿ, ಕೆಳದಿಯ ಸದಾಶಿವ ನಾಯಕನ ಕಾಲದಲ್ಲಿ, ಇಲ್ಲಿಯ ಮದ್ದ ಹೆಗ್ಗಡೆಯು ಧರ್ಮನಾಥ ತೀರ್ಥಂಕರನ ಬಸದಿಗೆ ದತ್ತಿ ಬಿಟ್ಟ ತಾಮ್ರಶಾಸನವಿದೆ. ದತ್ತಿ ಬಿಡುವುದು ಹೊಸ ಸಂಗತಿಯಲ್ಲ. ಹೊಸದಾಗಿರುವುದು ಕೊನೆಯ ಶಾಪವಾಕ್ಯ. ಈ ಧರ್ಮಕ್ಕೆ ಜೈನನು ತಪ್ಪಿದರೆ ಬೆಳಗೊಳದ ಗುಮ್ಮಟನಾಥನನ್ನೂ ಕೊಪಣದ ಚಂದ್ರನಾಥನನ್ನೂ ಊರ್ಜಯಂತಗಿರಿಯ ನೇಮಿನಾಥನನ್ನೂ ಕೆಡಿಸಿದ ಪಾಪಕ್ಕೆ ಹೋಗುವನು. ಶೈವನು ತಪ್ಪಿದರೆ ಗೋಕರ್ಣವೇ ಮೊದಲಾದ ಕ್ಷೇತ್ರಗಳ ಲಿಂಗಗಳನ್ನು ಒಡೆದ ಪಾಪ. ವೈಷ್ಣವನು ತಪ್ಪಿದರೆ ತನ್ನ ಕ್ಷೇತ್ರದ ಮೂರ್ತಿಯನ್ನು ಕೆಡಿಸಿದ ಪಾಪ.

ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಬಸದಿ ಜೈನರದು, ದಾನ ಕೊಟ್ಟವನು ಜೈನ. ಆದರೆ ಅದನ್ನು ಉಳಿಸುವ ಹೊಣೆಯನ್ನು ಮೂರು ಮತದವರ ಮೇಲೂ ಹೊರಿಸಿದ್ದಾನೆ. ಶೈವನಿಗೆ ಗುಮ್ಮಟನಾಥನ ಆಣೆಯಿಡಲಿಲ್ಲ. ಅವನ ಲಿಂಗದ ಮೇಲೆಯೇ ಆಣೆಯಿಟ್ಟ. ಎಂದರೆ, "ನಿನ್ನ ದೇವರನ್ನು ಬಿಟ್ಟು ನನ್ನ ದೇವರಿಗೆ ಮರ್ಯಾದೆ ಕೊಡು" ಎಂಬ ಬೇಡಿಕೆಯಲ್ಲ ಇದು. "ನಿನ್ನ ದೇವರ ಮೇಲೆ ನಿನಗೆ ಭಕ್ತಿ ನಿಜವಾಗಿದ್ದರೆ ನನ್ನ ಗುಡಿಯನ್ನು ಕಾಯಿ" ಎಂಬ ವಿಶ್ವಾಸ. ಇನ್ನೊಬ್ಬನು ತನ್ನ ಮತದಲ್ಲಿ ದೃಢವಾಗಿರುವುದು ನನಗೆ ಅಪಾಯವೆಂದು ಭಾವಿಸದೆ, ಅದೇ ನನಗೆ ರಕ್ಷೆಯೆಂದು ಭಾವಿಸಿದ ಈ ಮನೋಭಾವಕ್ಕಿಂತ ಮಿಗಿಲಾದ ಪಾಠ ಯಾವ ಸಮ್ಮೇಳನದಲ್ಲಿಯೂ ಸಿಕ್ಕಲಾರದು.

ಮೂರನೆಯದು ಉಡುಪಿಯದು, ದೇವರ ಆಣೆಯಿಲ್ಲದ, ಬರಿಯ ವ್ಯವಹಾರದ ಬರಹ. ೧೯೦೬ರ ಮಾರ್ಚ್ ೧೨ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಹಿಂದೂ ಗೆಳೆಯರೊಡಗೂಡಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊದಲ ಬಂಡವಾಳ ೫,೦೦೦ ರೂಪಾಯಿ. ಮೊದಲ ದಿನ ಸಂಜೆ ಪೆಟ್ಟಿಗೆಯಲ್ಲಿದ್ದುದು ೩೮ ರೂಪಾಯಿ ೧೩ ಆಣೆ ೨ ಪೈ. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸವನ್ನು ಬೆಳೆಸುವುದರ ಜೊತೆಗೆ ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸುವುದು ಉದ್ದೇಶವೆಂದು ಸ್ಥಾಪಕರು ತಮ್ಮ ಮೊದಲ ಪ್ರಕಟಣೆಯಲ್ಲಿಯೇ ಹೇಳಿದರು. ಸ್ವದೇಶಿ ಚಳವಳಿಯ ಕಾಲ ಅದು. ಈ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, ೧೯೮೦ರಲ್ಲಿ ರಾಷ್ಟ್ರೀಕರಣಗೊಂಡು, ೨೦೨೦ರ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಇವರು ಉಡುಪಿಯಲ್ಲಿ ಕಟ್ಟಿದ ಇನ್ನೊಂದು ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಆಗಿ ಮಣಿಪಾಲದಲ್ಲಿ ನೆಲೆನಿಂತಿತು. ೧೯೨೮ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯ ಗುಮಾಸ್ತನು ದಿನಕ್ಕೆ ಎರಡಾಣೆಗಾಗಿ ಎಲ್ಲರ ಮನೆಯ ಮೆಟ್ಟಿಲನ್ನೂ ಹತ್ತಿದನು. ನೇಕಾರನ ಎರಡಾಣೆ, ಬ್ಯಾರಿಯ ಎರಡಾಣೆ, ಕೊಂಕಣಿ ಕ್ರೈಸ್ತನ ಎರಡಾಣೆ ಒಂದೇ ಪೆಟ್ಟಿಗೆಯಲ್ಲಿ ಬಿದ್ದವು. ಒಬ್ಬನ ದುಡ್ಡು ಮುಳುಗಿದರೆ ಎಲ್ಲರದೂ ಮುಳುಗುತ್ತದೆ. ಇದಕ್ಕಿಂತ ಗಟ್ಟಿಯಾದ ನಂಟು ಯಾವುದು? ಹಾಜಿ ಅಬ್ದುಲ್ಲಾ ಸಾಹೇಬರು ಕೃಷ್ಣಮಠದ ದೀಪಗಳಿಗೆ ಎಣ್ಣೆ ಒದಗಿಸಿದರೆಂಬ ಮಾತನ್ನು ಉಡುಪಿಯ ಹಿರಿಯರು ಇಂದಿಗೂ ಹೇಳುವುದುಂಟು. ಅವರು ದಾನವಿತ್ತ ಜಾಗದಲ್ಲಿ ಎದ್ದ ಸರಕಾರಿ ಆಸ್ಪತ್ರೆ ಅವರ ಹೆಸರನ್ನು ಉಳಿಸಿದೆ.

೩

ಈ ಮೂರು ಬರಹಗಳ ಕಾಲ ಬೇರೆ, ರೀತಿ ಬೇರೆ. ಆದರೂ ಮೂರರಲ್ಲಿ ಕಾಣುವ ಸಾಮಾನ್ಯ ಅಂಶಗಳನ್ನು ಗುರುತಿಸಬಹುದು. ಒಂದು, ಭೇದವನ್ನು ಅವು ಮುಚ್ಚಿಡುವುದಿಲ್ಲ. ಇಂಥವರು ಬೇರೆ, ಇಂಥವರು ಬೇರೆ ಎಂದು ಒಪ್ಪಿಕೊಂಡೇ ಮುಂದುವರಿಯುತ್ತವೆ. ಎರಡು, ಪ್ರತಿಯೊಬ್ಬನೂ ಕೊಡಬೇಕಾದ ಪಾಲು ಇಷ್ಟೆಂದು ಗೊತ್ತುಮಾಡುತ್ತವೆ; ಅದು ಒಂದು ಹಣವಿರಬಹುದು, ಒಂದು ಆಣೆಯಿರಬಹುದು, ಎರಡಾಣೆಯಿರಬಹುದು. ಮೂರು, ಎಲ್ಲರೂ ಓದುವಂತೆ ಬಹಿರಂಗವಾಗಿ ಇವೆ. ಈ ಅಂಶಗಳಿಲ್ಲದೆ ಬರಿಯ ಬಳಕೆಯನ್ನೇ ನಂಬಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಉದಾಹರಣೆಗಳಿವೆ. ಅವನ್ನು ಹೇಳದೆ ಬಿಟ್ಟರೆ ಲೇಖನವು ಪ್ರಾಮಾಣಿಕವಾಗದು.

೨೦೧೭ರ ಜೂನ್ ೨೪ರಂದು, ರಂಜಾನ್ ತಿಂಗಳ ಕೊನೆಯ ಭಾಗದಲ್ಲಿ, ಆಗ ಪರ್ಯಾಯ ಪೀಠದಲ್ಲಿದ್ದ ಪೇಜಾವರದ ಶ್ರೀ ವಿಶ್ವೇಶತೀರ್ಥರು ಕೃಷ್ಣಮಠದ ಭೋಜನಶಾಲೆಯಲ್ಲಿ ಮುಸಲ್ಮಾನರಿಗೆ ಇಫ್ತಾರ್ ಕೂಟವನ್ನು ಏರ್ಪಡಿಸಿದರು. ಸುಮಾರು ನೂರೈವತ್ತು ಮಂದಿ ಬಂದು ಉಪವಾಸ ಬಿಟ್ಟು, ಅಲ್ಲಿಯೇ ನಮಾಜು ಮಾಡಿದರು. ಕೆಲವು ಸಂಘಟನೆಗಳು ವಿರೋಧಿಸಿದವು. ಧರ್ಮಕ್ಕೆ ವಿರುದ್ಧವಾದುದನ್ನು ತಾವು ಮಾಡಿಲ್ಲವೆಂದು ಶ್ರೀಗಳು ಹಿಂಜರಿಯದೆ ಹೇಳಿದರು. ೨೦೧೯ರ ಡಿಸೆಂಬರ್ ೨೯ರಂದು ಅವರು ತೀರಿಕೊಂಡರು. ಆ ಕೂಟವು ಒಬ್ಬ ಹಿರಿಯರ ಮನಸ್ಸಿನಿಂದ ನಡೆದ ಒಳ್ಳೆಯ ಕಾರ್ಯ; ಆದರೆ ವರ್ಷವರ್ಷವೂ ನಡೆಯುವ ಪದ್ಧತಿಯಾಗಿ ಬೇರೂರಲಿಲ್ಲ. ದೊಡ್ಡವರ ಔದಾರ್ಯವು ದೀಪ ಹಚ್ಚಬಲ್ಲುದು. ಎಣ್ಣೆ ಹೊಯ್ಯುವ ಕೆಲಸ ಉಳಿದವರದು.

ಎರಡನೆಯ ಉದಾಹರಣೆ ಕಾಪುವಿನ ಸುಗ್ಗಿ ಮಾರಿಪೂಜೆ. ೨೦೨೧ರ ಕೊನೆಯಲ್ಲಿ ಉಡುಪಿಯಲ್ಲಿ ವಿದ್ಯಾರ್ಥಿನಿಯರ ಹಿಜಾಬಿನ ವಿಷಯವಾಗಿ ವಿವಾದ ಹುಟ್ಟಿ ರಾಜ್ಯವನ್ನೆಲ್ಲ ಹಬ್ಬಿತು. ೨೦೨೨ರ ಮಾರ್ಚ್ ೧೫ರಂದು ಉಚ್ಚ ನ್ಯಾಯಾಲಯದ ತೀರ್ಪು ಬಂದಿತು. ಅದನ್ನು ವಿರೋಧಿಸಿ ಮುಸ್ಲಿಂ ವ್ಯಾಪಾರಿಗಳು ಒಂದು ದಿನ ಅಂಗಡಿ ಮುಚ್ಚಿದರು. ಅದಾದ ಕೆಲವೇ ದಿನಗಳಲ್ಲಿ ಬಂದ ಮಾರಿಪೂಜೆಯ ಸಂತೆಯಲ್ಲಿ ಅವರಿಗೆ ಅಂಗಡಿ ಹಾಕಲು ಅವಕಾಶ ದೊರೆಯಲಿಲ್ಲ. ಜಾತ್ರೆಯಿಂದ ಜಾತ್ರೆಗೆ ಗಂಟು ಹೊತ್ತು ಬದುಕುವ ಸಣ್ಣ ವ್ಯಾಪಾರಿಗೆ ಇದು ವರ್ಷದ ಅನ್ನದ ಪ್ರಶ್ನೆ. ಅದೇ ದಿನಗಳಲ್ಲಿ ಪತ್ರಿಕೆಗಳು ಇನ್ನೊಂದು ಸಂಗತಿಯನ್ನೂ ವರದಿ ಮಾಡಿದವು: ಕಾಪುವಿನ ಮಾರಿಗುಡಿಯಲ್ಲಿ ಮುಸಲ್ಮಾನ ಮನೆತನವೊಂದು ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದಿತ್ತು. ನಾದಕ್ಕೆ ಒಳಗೆ ಎಡೆಯಿತ್ತು, ಅಂಗಡಿಗೆ ಹೊರಗೆ ಎಡೆಯಿಲ್ಲವಾಯಿತು.

ಯಾರ ಮೇಲಾದರೂ ತಪ್ಪು ಹೊರಿಸುವುದಕ್ಕಾಗಿ ನಾನಿದನ್ನು ಎತ್ತುತ್ತಿಲ್ಲ. ಎರಡು ಕಡೆಯಲ್ಲೂ ನೋವಿತ್ತು, ಸಿಟ್ಟಿತ್ತು. ವಿಚಾರ ಮಾಡಬೇಕಾದುದು ಬೇರೆ. ದೇವಸ್ಥಾನದ ಸಮೀಪದ ಜಾಗ ಕಟ್ಟಡಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ ಸರಕಾರಿ ನಿಯಮವೊಂದು ೨೦೦೨ರಿಂದಲೇ ಇತ್ತು. ಎರಡು ದಿನದ ಸಂತೆಯಂಗಡಿಗೆ ಅದು ಅನ್ವಯಿಸುವುದೇ ಎಂಬುದು ವಾದದ ವಿಷಯ. ಅದಂತಿರಲಿ, ಇಪ್ಪತ್ತು ವರ್ಷ ಬರಹ ಒಂದು ಕಡೆ, ಬಳಕೆ ಇನ್ನೊಂದು ಕಡೆ ನಡೆಯುತ್ತಿದ್ದರೂ ಎರಡನ್ನೂ ಎದುರಿಗಿಟ್ಟುಕೊಂಡು ಮಾತನಾಡಲು ಯಾರೂ ಕೂಡಲಿಲ್ಲ. ಸಂತೆ ಚೆನ್ನಾಗಿ ನಡೆಯುತ್ತಿದ್ದಾಗ ಮಾತು ಬೇಡವೆನಿಸಿತು. ಮನಸ್ಸು ಕೆಟ್ಟಾಗ ಮಾತು ಸಾಧ್ಯವಾಗಲಿಲ್ಲ. ಮಳೆಗಾಲದಲ್ಲಿ ಮಾಡು ಹೊದಿಸಲಾಗದು, ಬೇಸಗೆಯಲ್ಲಿ ಅದರ ಅಗತ್ಯ ತೋರದು ಎಂದ ಸೋಮಾರಿಯ ಸ್ಥಿತಿ ನಮ್ಮದಾಯಿತು.

೪

ಹಾಗಾದರೆ ಮಾತುಕತೆ ಹೇಗಿರಬೇಕು? ಅನ್ಯಮತೀಯರನ್ನು ಒಂದೇ ವೇದಿಕೆಗೆ ಕರೆದ ಯತ್ನಗಳಲ್ಲಿ ೧೮೯೩ರ ಚಿಕಾಗೋ ಸಮ್ಮೇಳನ ಜಗತ್ಪ್ರಸಿದ್ಧ. ಅಲ್ಲಿ ವಿವೇಕಾನಂದರು ಮಾತನಾಡಿದುದು ಎಲ್ಲರಿಗೂ ಗೊತ್ತು. ಜೈನಧರ್ಮದ ಪರವಾಗಿ ವೀರಚಂದ ಗಾಂಧಿಯವರೂ ಮಾತನಾಡಿದರು. ನಮ್ಮ ನೆರೆಯ ಧರ್ಮಸ್ಥಳದಲ್ಲಿ ಕಾರ್ತಿಕ ಮಾಸದ ಲಕ್ಷದೀಪೋತ್ಸವದ ಕಾಲಕ್ಕೆ ೧೯೩೩ರಿಂದ ಸರ್ವಧರ್ಮ ಸಮ್ಮೇಳನ ನಡೆಯುತ್ತ ಬಂದಿದೆ. ಆ ಕ್ಷೇತ್ರದ ರಚನೆಯೇ ಒಂದು ಸಂವಾದ: ದೇವರು ಮಂಜುನಾಥನೆಂಬ ಶಿವ, ಪೂಜಿಸುವವರು ವೈಷ್ಣವ ಅರ್ಚಕರು, ನಡೆಸುವವರು ಜೈನ ಹೆಗ್ಗಡೆಗಳು. ವೇದಿಕೆಯ ಮಾತಿಗೆ ಬೆಲೆಯುಂಟು, ಸಂದೇಹವಿಲ್ಲ. ಆದರೆ ವೇದಿಕೆಯಲ್ಲಿ ಪಂಡಿತರು ಕೂಡುತ್ತಾರೆ; ಸಂತೆಯಲ್ಲಿ ಜನ ಕೂಡುತ್ತಾರೆ. ಸಂತೆಯ ಜನರಿಗೂ ಮಾತು ಬೇಕು.

ಉಡುಪಿಯ ಮಧ್ವಾಚಾರ್ಯರ ಜೀವನದಿಂದ ಒಂದು ಪ್ರಸಂಗವನ್ನು ನೆನೆಯಬಹುದು. ನಾರಾಯಣ ಪಂಡಿತಾಚಾರ್ಯರ 'ಸುಮಧ್ವವಿಜಯ'ದಲ್ಲಿ ಬರುವಂತೆ, ಉತ್ತರದೇಶದ ಯಾತ್ರೆಯಲ್ಲಿ ಆಚಾರ್ಯರು ಗಂಗೆಯನ್ನು ದಾಟುವಾಗ ತುರುಷ್ಕ ರಾಜನ ಭಟರು ತಡೆದರು. ಆಚಾರ್ಯರು ಹೆದರದೆ ರಾಜನ ಸಮ್ಮುಖಕ್ಕೆ ಹೋಗಿ ಅವನದೇ ಭಾಷೆಯಲ್ಲಿ ಮಾತನಾಡಿದರು. ಅವನು ಬೆರಗಾಗಿ ಅರ್ಧರಾಜ್ಯವನ್ನೇ ಕೊಡಲು ಮುಂದಾದನು. ಇಲ್ಲಿ ನಮಗೆ ಮುಖ್ಯವಾದುದು ಅರ್ಧರಾಜ್ಯವಲ್ಲ, ಎದುರಿನವನ ಭಾಷೆ. ನಮಗಾದರೋ ಈ ಕೆಲಸ ಆಚಾರ್ಯರಷ್ಟು ಕಷ್ಟದ್ದಲ್ಲ. ಮನೆಯೊಳಗೆ ಬ್ಯಾರಿಯಾಡಲಿ, ಕೊಂಕಣಿಯಾಡಲಿ, ಉರ್ದುವಾಡಲಿ, ಅಂಗಳಕ್ಕಿಳಿದರೆ ಎಲ್ಲರಿಗೂ ತುಳು ಬರುತ್ತದೆ, ತರಗತಿಯಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ.

ವಿದ್ಯಾರ್ಥಿಗಳು ಆಚರಿಸಬಹುದಾದ ಕೆಲವು ಸಣ್ಣ ನಿಯಮಗಳನ್ನು ಸೂಚಿಸುತ್ತೇನೆ. ಮೊದಲನೆಯದು: ಇನ್ನೊಬ್ಬನ ಮತದಲ್ಲಿ ಹೀಗಿದೆಯೆಂದು ನಾವು ಹೇಳುವುದಲ್ಲ, ಅವನನ್ನೇ ಕೇಳುವುದು. ಬೆಂಚಿನ ಪಕ್ಕದವನು ಏಕೆ ಉಪವಾಸವಿದ್ದಾನೆ, ಆ ಜೈನ ಗೆಳತಿ ಸಂಜೆಯಾದ ಮೇಲೆ ಏಕೆ ಉಣ್ಣುವುದಿಲ್ಲ ಎಂಬುದನ್ನು ಅವರ ಬಾಯಿಂದಲೇ ತಿಳಿಯಬೇಕು. ಎರಡನೆಯದು: ಎಲ್ಲ ಮತಗಳೂ ಒಂದೇ ಎಂದು ಅವಸರದಿಂದ ಹೇಳಿ ಮುಗಿಸಬಾರದು. ಹಾಗೆನ್ನುವವನು ಅನೇಕವೇಳೆ ಕೇಳುವ ಶ್ರಮವನ್ನು ತಪ್ಪಿಸಿಕೊಳ್ಳುತ್ತಿರುತ್ತಾನೆ. ಮೂರನೆಯದು: ಮಾತಿಗೆ ಮೊದಲು ಕೆಲಸ. ಮಳೆಗಾಲಕ್ಕೆ ಮುಂಚೆ ಊರ ಕೆರೆಯ ಹೂಳೆತ್ತುವಾಗ, ರಕ್ತದಾನದ ಶಿಬಿರದಲ್ಲಿ, ಸೇವಾ ಯೋಜನೆಯ ಬಿಡಾರದ ಅಡುಗೆಮನೆಯಲ್ಲಿ ಹುಟ್ಟಿದ ಗೆಳೆತನ ಭಾಷಣದಲ್ಲಿ ಹುಟ್ಟಿದುದಕ್ಕಿಂತ ಬಾಳಿಕೆ ಬರುತ್ತದೆ. ನಾಲ್ಕನೆಯದು: ಜಗಳವಿಲ್ಲದ ದಿನವೇ ಕೂಡಬೇಕು. ಜಾತ್ರೆಗೆ, ಉರೂಸಿಗೆ, ಇಗರ್ಜಿಯ ಹಬ್ಬಕ್ಕೆ ಎರಡು ತಿಂಗಳು ಮುಂಚೆ ಊರಿನ ಎಲ್ಲ ಕಡೆಯವರೂ ಒಂದೆಡೆ ಕುಳಿತು, ವಾದ್ಯ ಎಲ್ಲಿ, ಅಂಗಡಿ ಯಾರಿಗೆ, ದಾರಿ ಯಾವುದು, ಕಸ ಗುಡಿಸುವವರು ಯಾರು ಎಂಬುದನ್ನು ಬರೆದು, ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಬೇಕು. ಬುಕ್ಕರಾಯನ ಕಲ್ಲಿಗೆ ಬದಲು ಒಂದು ಹಾಳೆ ಸಾಕು.

ಇದು ತೀರ ಸಾಮಾನ್ಯವಾದ ಸಲಹೆಯೆಂದು ಕೆಲವರಿಗೆ ತೋರಬಹುದು. ಆದರೆ ಮೇಲಿನ ಮೂರು ಬರಹಗಳನ್ನು ಮತ್ತೊಮ್ಮೆ ನೋಡಿರಿ. ಮನೆಗೊಂದು ಹಣ, ಇಪ್ಪತ್ತು ಕಾವಲುಗಾರರು, ಸುಣ್ಣ. ಒಂದು ತಾಮ್ರದ ತಗಡು. ಮೂವತ್ತೆಂಟು ರೂಪಾಯಿ ಚಿಲ್ಲರೆ. ನಮ್ಮ ಸೀಮೆಯ ಮತಸೌಹಾರ್ದವು ಇಂಥ ಸಾಮಾನ್ಯ ಸಂಗತಿಗಳಿಂದಲೇ ಬಾಳಿತು. ಅದು ಪಿತ್ರಾರ್ಜಿತ ಆಸ್ತಿಯಲ್ಲ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಕ್ಕೆ. ಅದು ಗದ್ದೆ; ಪ್ರತಿ ಏಣೆಲಿಗೂ ಹೊಸದಾಗಿ ಉಳಬೇಕು, ಬದು ಕಟ್ಟಬೇಕು, ಕಳೆ ಕೀಳಬೇಕು. ಒಂದು ವರ್ಷ ಬಿಟ್ಟರೆ ಮುಳ್ಳು ಬೆಳೆಯುತ್ತದೆ. ಬೆಳೆದುದನ್ನು ನಾವು ನೋಡಿಯೂ ಇದ್ದೇವೆ. ಮುಂದಿನ ಉಳುಮೆ ಇಂದು ಈ ತರಗತಿಗಳಲ್ಲಿ ಅಕ್ಕಪಕ್ಕ ಕುಳಿತಿರುವವರದು. ಒಬ್ಬರ ಹೆಸರನ್ನೊಬ್ಬರು ಸರಿಯಾಗಿ ಉಚ್ಚರಿಸಲು ಕಲಿಯುವುದರಿಂದ ಅದು ಆರಂಭವಾದರೂ ಚಿಕ್ಕ ಆರಂಭವೇನಲ್ಲ.